ಗೆಳೆಯರು ಮಾಡಿದ ಖರ್ಚು ಯಾರ ಲೆಕ್ಕಕ್ಕೆ?

ಪ್ರಶ್ನೆ: ಎಂಎಲ್‌ಎ ಚುನಾವಣೆಗೆ ನಿಂತವರು 40 ಲಕ್ಷಕ್ಕಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ ಅಂತಾರೆ. ಆದರೆ ಗೆಳೆಯರು, ಪಕ್ಷದವರು ಮಾಡಿದ ಖರ್ಚು ಅದರಲ್ಲಿ ಸೇರಲ್ವಂತೆ. ನಿಜಾನಾ?

ಉತ್ತರ: ಚುನಾವಣೆ ಬಂದಾಗಲೆಲ್ಲ ಇದೇ ಪ್ರಶ್ನೆ. ಇನ್ನೊಮ್ಮೆ ಹೇಳುತ್ತೇನೆ, ಸೇರುತ್ತದೆ.

40 ಲಕ್ಷದ ಮಿತಿ ಬಂದಿದ್ದು 2022ರ ಜನವರಿಯಲ್ಲಿ. ಸಣ್ಣ ರಾಜ್ಯಗಳಲ್ಲಿ ಅದು 28 ಲಕ್ಷ. ನಮ್ಮ 224 ಕ್ಷೇತ್ರಗಳಿಗೂ 40 ಲಕ್ಷವೇ. ಅಭ್ಯರ್ಥಿ ಇದಕ್ಕೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಒಬ್ಬರಿಗೆ 10 ಸಾವಿರಕ್ಕಿಂತ ಜಾಸ್ತಿ ನಗದು ಕೊಡುವಂತಿಲ್ಲ.

ಈಗ ಗೆಳೆಯರ ವಿಷಯ. 1951ರ ಜನಪ್ರತಿನಿಧಿ ಕಾಯ್ದೆಯ 77ನೇ ಸೆಕ್ಷನ್ ಕೇಳುವುದು ದುಡ್ಡು ಯಾರ ಜೇಬಿನದು ಅಂತ ಅಲ್ಲ. ಅಭ್ಯರ್ಥಿಯಾಗಲಿ, ಅವರ ಚುನಾವಣಾ ಏಜೆಂಟ್ ಆಗಲಿ ಮಾಡಿದ ಖರ್ಚು ಎಷ್ಟು, ಒಪ್ಪಿಗೆ ಕೊಟ್ಟು ಮಾಡಿಸಿದ ಖರ್ಚು ಎಷ್ಟು ಅಂತ. ಭಾವಮೈದುನ ಕಾರು ಪುಕ್ಕಟೆ ಕೊಟ್ಟರೂ ಜಿಲ್ಲಾಡಳಿತದ ದರಪಟ್ಟಿ ನೋಡಿ ಅದರ ಬಾಡಿಗೆ ಹಾಕುತ್ತಾರೆ. ಶಾಮಿಯಾನ, ಕುರ್ಚಿ, ಫ್ಲೆಕ್ಸ್ ಎಲ್ಲಕ್ಕೂ ಆ ಪಟ್ಟಿಯಲ್ಲಿ ದರ ಇದೆ. ಸಭೆಯನ್ನು ವಿಡಿಯೊ ಮಾಡಿಕೊಂಡು ಹೋದ ಸಿಬ್ಬಂದಿ ಕುರ್ಚಿ ಎಣಿಸುತ್ತಾರೆ. ಅಭ್ಯರ್ಥಿ ಬರೆದ ಲೆಕ್ಕವನ್ನು ಶ್ಯಾಡೋ ರಿಜಿಸ್ಟರ್, ಅಂದರೆ ಅಧಿಕಾರಿಗಳು ತಾವೇ ಬೇರೆಯಾಗಿ ಬರೆದಿಟ್ಟ ಲೆಕ್ಕದ ಜೊತೆ ಹೋಲಿಸಿ ನೋಡುತ್ತಾರೆ. ಅಭ್ಯರ್ಥಿಗೆ ಗೊತ್ತಿಲ್ಲದೆ ನಾನೇ ಮಾಡಿಸಿದೆ ಅಂತ ಅಭಿಮಾನಿ ಮುಂದೆ ಬಂದರೆ? ಒಪ್ಪಿಗೆ ಇಲ್ಲದೆ ಹಾಗೆ ಖರ್ಚು ಮಾಡುವುದೇ ಅಪರಾಧ, ಕೇಸು ಆ ಅಭಿಮಾನಿಯ ಮೇಲೆ.

ಈ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಒಂದು ಕಾಲದಲ್ಲಿ ಅದೇ ಕಾನೂನಾಗಿತ್ತು! 1974ರಲ್ಲಿ ಕನ್ವರ್ ಲಾಲ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಭ್ಯರ್ಥಿಗೆ ಗೊತ್ತಿದ್ದೂ ಪಕ್ಷ ಅವರಿಗಾಗಿ ಖರ್ಚು ಮಾಡಿದರೆ ಅದು ಅಭ್ಯರ್ಥಿಯದೇ ಖರ್ಚು ಎಂದಿತು. ಸರ್ಕಾರ ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು, ಪಕ್ಷದವರು ಮತ್ತು ಬೇರೆಯವರು ಮಾಡಿದ ಖರ್ಚನ್ನು ಲೆಕ್ಕದಿಂದ ಹೊರಗಿಟ್ಟಿತು. ಮಿತಿ ಕಾಗದದ ಮೇಲಷ್ಟೇ ಉಳಿಯಿತು. ಆ ವಿನಾಯಿತಿ ಹೋಗಿದ್ದು 2003ರಲ್ಲಿ. ಕಾನೂನು ಹೋಗಿ ಇಪ್ಪತ್ತು ವರ್ಷ ದಾಟಿದೆ, ಕಟ್ಟೆ ಮೇಲಿನ ಮಾತು ಮಾತ್ರ ಇನ್ನೂ ಹೋಗಿಲ್ಲ.

ಪೂರ್ತಿ ಬಾಗಿಲು ಮುಚ್ಚಿದೆ ಅಂತಲೂ ಹೇಳಲಾರೆ. ಪಕ್ಷದ ತಾರಾ ಪ್ರಚಾರಕರ ಪ್ರಯಾಣದ ಖರ್ಚು, ಅದು ಹೆಲಿಕಾಪ್ಟರೇ ಆಗಿರಲಿ, ಅಭ್ಯರ್ಥಿಗೆ ಸೇರಲ್ಲ. ಆದರೆ ಅವರ ಪಕ್ಕ ಅಭ್ಯರ್ಥಿ ವೇದಿಕೆ ಹತ್ತಿದರೆ ಆ ಸಭೆಯ ಖರ್ಚಿನಲ್ಲಿ ಪಾಲು ಬೀಳುತ್ತದೆ. ಕೆಲವರು ಕೆಳಗೇ ನಿಂತು ಕೈ ಮುಗಿಯೋದು ಭಕ್ತಿಗಲ್ಲ. ಯಾವ ಅಭ್ಯರ್ಥಿಯ ಹೆಸರು, ಫೋಟೊ ಇಲ್ಲದೆ ಪಕ್ಷ ತನಗಾಗಿ ಮಾಡುವ ಪ್ರಚಾರಕ್ಕಂತೂ ಮಿತಿಯೇ ಇಲ್ಲ. ನನ್ನ ಕೇಳಿದರೆ ನಿಜವಾದ ತೂತು ಇದೇ. ಎರಡನೆಯದು, ಲೆಕ್ಕ ಶುರುವಾಗುವುದು ನಾಮಪತ್ರ ಸಲ್ಲಿಸಿದ ದಿನದಿಂದ. ಆರು ತಿಂಗಳ ಹಿಂದೆಯೇ ಮನೆಮನೆಗೆ ಹೋದ ಕುಕ್ಕರ್ ಈ 40 ಲಕ್ಷದೊಳಗೆ ಕಾಣಲ್ಲ. ಮೊದಲೇ ಮಾಡಿಸಿಟ್ಟ ಬ್ಯಾನರನ್ನು ಆಮೇಲೆ ಕಟ್ಟಿದರೆ ಮಾತ್ರ ಸೇರುತ್ತದೆ.

ಮಿತಿ ಮೀರಿದ್ದು ಸಾಬೀತಾದರೆ ಅದು ಚುನಾವಣಾ ಭ್ರಷ್ಟಾಚಾರ, ಗೆದ್ದ ಸೀಟೂ ಹೋಗಬಹುದು. ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿಗೆ ಅರ್ಜಿ ಹಾಕಬೇಕು.

ಯಾರೂ ಕೇಳದ ಇನ್ನೊಂದು ವಿಷಯ. ಸೋತವರು ಲೆಕ್ಕ ಕೊಡಬೇಕಾ? ಕೊಡಬೇಕು. ಠೇವಣಿ ಕಳೆದುಕೊಂಡ ಪಕ್ಷೇತರರೂ ಕೊಡಬೇಕು. ಫಲಿತಾಂಶದಿಂದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಒಪ್ಪಿಸಬೇಕು. ಸರಿಯಾದ ಕಾರಣವಿಲ್ಲದೆ ತಪ್ಪಿಸಿದರೆ ಆಯೋಗ ಮೂರು ವರ್ಷ ಅನರ್ಹ ಮಾಡಬಹುದು. ಹೇಗೂ ಸೋತೆನಲ್ಲ ಅಂತ ರಸೀದಿಗಳನ್ನು ಎಸೆದವರು ಮುಂದಿನ ತಾಲ್ಲೂಕು ಪಂಚಾಯಿತಿ ಟಿಕೆಟ್‌ಗೆ ಓಡಾಡುವ ಮೊದಲು ಅನರ್ಹರ ಪಟ್ಟಿ ನೋಡಿಕೊಳ್ಳಲಿ.