4 ಗಂಟೆಯ ನೀರು 6 ಗಂಟೆ ಹರಿದದ್ದು ಯಾಕೆ?

ಕಾಫಿ ಹೂ ಅರಳಿಸುವ ಹೂಮಳೆ ಬರಲಿಲ್ಲ ಅಂತ ಕೊಡಗಿನ ಅಮ್ಮತ್ತಿ ಕಡೆಯ ನಮ್ಮ ರೋಬಸ್ಟಾ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದ್ದೆವು. ಮೋಟರಿಗೆ ಟೈಮರ್ ಮಾಡಿಕೊಟ್ಟವನು ನಾನೇ. 4 ಗಂಟೆ ಹೊತ್ತು ಓಡಿ ನಿಲ್ಲಬೇಕಾದದ್ದು 6 ಗಂಟೆ ಓಡಿತು. ಕೆರೆ ತಳ ಕಂಡಿತು. "ಇದೆಂಥ ಗಡಿಯಾರ ಮಾರಾಯಾ?" ಅಂದರು ಚಿಕ್ಕಪ್ಪ.

ಟೈಮರ್ ಒಳಗಿದ್ದದ್ದು ಹಳೆಯ ಪಿಐಸಿ16ಎಫ್84 ಎಂಬ ಪುಟ್ಟ ಕಂಪ್ಯೂಟರ್ ಚಿಪ್, ಅದಕ್ಕೆ ತಾಳ ಹಾಕಲು 4 ಮೆಗಾಹರ್ಟ್ಸ್ ಕ್ರಿಸ್ಟಲ್, ಅಂದರೆ ಸೆಕೆಂಡಿಗೆ 40 ಲಕ್ಷ ಮಿಡಿತ. ಹೊತ್ತು ಕಳೆಯಲು ಮತ್ತೆ ಮತ್ತೆ ಸುತ್ತುವ ಲೂಪಿನಲ್ಲಿ ಎರಡೇ ಸೂಚನೆ: ಎಣಿಕೆಯಲ್ಲಿ ಒಂದು ಇಳಿಸು, ಸೊನ್ನೆ ಆಗದಿದ್ದರೆ ಹಿಂದಕ್ಕೆ ಹೋಗು. ಒಂದೊಂದಕ್ಕೆ 1 ಮೈಕ್ರೊಸೆಕೆಂಡ್ ಅಂತ 2 ಲೆಕ್ಕ ಹಾಕಿದ್ದೆ. ಆದರೆ ಆ 'ಹೋಗು' ಒಂದೇ 2 ತಿನ್ನುತ್ತದೆ. ಒಟ್ಟು 3.

ಕಾರಣ ಪೈಪ್‌ಲೈನಿಂಗ್. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಪಲ್ಪರ್ ಯಂತ್ರ ನೆನಪಿಸಿಕೊಳ್ಳಿ. ಅರೇಬಿಕಾ ಹಣ್ಣಿನ ಸಿಪ್ಪೆ ಬಿಡುತ್ತಿರುವಾಗಲೇ ಮುಂದಿನ ಮೂಟೆ ಮೇಲಿನ ತೊಟ್ಟಿಗೆ ಬಿದ್ದಿರುತ್ತದೆ. ಅಷ್ಟರಲ್ಲಿ "ಸಾಕು, ಇನ್ನು ರೋಬಸ್ಟಾ ಹಾಕಿ" ಅಂದರೆ? ಸುರಿದದ್ದನ್ನು ತೆಗೆಯಬೇಕು. ಅಲ್ಲಿಯವರೆಗೆ ಪಲ್ಪರ್ ಸುಮ್ನೆ ತಿರುಗುತ್ತದೆ. ಚಿಪ್ಪಿನಲ್ಲೂ ಹೀಗೇ. ಒಂದು ಸೂಚನೆ ನಡೆಯುವಾಗ ಮುಂದಿನದನ್ನು ತಂದಿಟ್ಟುಕೊಂಡಿರುತ್ತದೆ. ದಾರಿ ಬದಲಾದರೆ ತಂದದ್ದು ಕಸ.

ಉಪಾಯ ಹಳೆಯದು. ಐಬಿಎಂನ ಸ್ಟ್ರೆಚ್ ಎಂಬ ದೈತ್ಯ ಕಂಪ್ಯೂಟರ್ 1961ರಲ್ಲೇ ಇದನ್ನು ಬಳಸಿತ್ತು. ಪುಟ್ಟ ಚಿಪ್ಪಿಗೆ ತಂದದ್ದೇ ಮಜಾ. 1970ರ ದಶಕದಲ್ಲಿ ಜನರಲ್ ಇನ್‌ಸ್ಟ್ರುಮೆಂಟ್ ಕಂಪನಿ ತನ್ನ ಸಿಪಿ1600 ಪ್ರೊಸೆಸರಿನ ಚಿಲ್ಲರೆ ಕೆಲಸ ನೋಡಿಕೊಳ್ಳಲು ಪಿಐಸಿ1650 ಎಂಬ ಆಳನ್ನು ಕೊಟ್ಟಿತು. ಅಂದರೆ ಸ್ವಿಚ್ಚು, ದೀಪ, ಇಂಥವು. ಪ್ರೋಗ್ರಾಮಿಗೂ ಡೇಟಾಗೂ ಬೇರೆ ಬೇರೆ ದಾರಿ ಇದ್ದದ್ದರಿಂದ ತರುವುದೂ ಮಾಡುವುದೂ ಒಟ್ಟಿಗೆ ನಡೆಯುತ್ತಿತ್ತು. ಯಜಮಾನ ಮರೆತುಹೋದ, ಆಳು ಉಳಿದ. 1993ರಲ್ಲಿ ಮೈಕ್ರೊಚಿಪ್ ಕಂಪನಿ ತಂದ ಪಿಐಸಿ16ಸಿ84 ಚಿಪ್ಪನ್ನು ಮತ್ತೆ ಮತ್ತೆ ಅಳಿಸಿ ಬರೆಯಬಹುದಿತ್ತು. ಮನೆಯಲ್ಲಿ ಕೂತು ಕಲಿಯುವವರಿಗೆ ಅದು ಹಬ್ಬ.

ಇಂಟೆಲ್ 1980ರಲ್ಲಿ ತಂದ 8051 ಚಿಪ್ಪಿಗೆ ಸಣ್ಣ ಸೂಚನೆಗೂ 12 ಕ್ಲಾಕ್, ಅಂದರೆ ಕ್ರಿಸ್ಟಲಿನ 12 ಮಿಡಿತ, ಬೇಕು. ಪಿಐಸಿಗೆ 4. ತರಲು 4, ಮಾಡಲು 4, ಆದರೆ ಎರಡೂ ಜೊತೆಜೊತೆಗೆ. ಹಾಗಾಗಿ 12 ಮೆಗಾಹರ್ಟ್ಸ್‌ನ 8051 ಮಾಡುವ ಕೆಲಸಕ್ಕೆ ಇದಕ್ಕೆ 4 ಸಾಕಿತ್ತು. ಮುಂದೆ ಯಾವ ದಾರಿ ಅಂತ ಊಹಿಸುವ ಬುದ್ಧಿ ಮಾತ್ರ ಇಲ್ಲ. ಅಗ್ಗದ ಚಿಪ್ಪಿನಲ್ಲಿ ಅಷ್ಟು ಜಾಗ ಎಲ್ಲಿ? ನನಗಂತೂ ಈ ಪೆದ್ದುತನ ಇಷ್ಟ. ಯಾವ ಸೂಚನೆಗೆ ಎಷ್ಟು ಹೊತ್ತು ಅಂತ ಬೆರಳಲ್ಲಿ ಎಣಿಸಬಹುದು, ಎಣಿಸಲು ಬಂದರೆ!

ಕಲಿಯುವವರು ಬಳಸುವ ಆರ್ಡುಇನೋ ಬೋರ್ಡುಗಳಲ್ಲಿ ಹಲವಕ್ಕೆ ಇರುವ ಎವಿಆರ್ ಚಿಪ್ ಬಹುತೇಕ ಸೂಚನೆಗಳನ್ನು ಒಂದೊಂದು ಕ್ಲಾಕಿನಲ್ಲೇ ಮುಗಿಸುತ್ತದೆ. ಆ 'ಹೋಗು'ವಿನಂಥ ಜಂಪ್ ಬಂದರೆ ಅದೂ ಕನಿಷ್ಠ 2 ಕೇಳುತ್ತದೆ.

ಲೂಪನ್ನು 3ರ ಲೆಕ್ಕದಲ್ಲಿ ತಿದ್ದಿದೆ. ಚಿಕ್ಕಪ್ಪ ಈಗಲೂ ಮೋಟರ್ ಓಡಲು ಶುರುವಾಗಿ ಮೂರೂಮುಕ್ಕಾಲು ಗಂಟೆ ಆದದ್ದೇ ತಡ, ಮೋಟರ್ ಮನೆ ಹತ್ತಿರ ಹೋಗಿ ನಿಲ್ಲುತ್ತಾರೆ.