‘ಬೈಬಲ್‌ನಲ್ಲಿ ಬರೆದಿದೆ’ ಎಂದ ಮೇಲೆ ವಾದ ಮಾಡುವುದು ಹೇಗೆ?

ಪ್ರಶ್ನೆ: ನಮ್ಮೂರ ಗ್ರಂಥಾಲಯದಲ್ಲಿ ಆಗಾಗ ಧರ್ಮದ ಬಗ್ಗೆ ಚರ್ಚೆ ನಡೆಯುತ್ತದೆ. ಕ್ರೈಸ್ತ ಗೆಳೆಯರು ಒಂದು ವಚನ ಓದಿ ‘ಇದು ದೇವರ ವಾಕ್ಯ, ಇದರಲ್ಲಿ ತಪ್ಪಿಲ್ಲ’ ಎನ್ನುತ್ತಾರೆ. ಯುಕ್ತಿವಾದಿ ಗೆಳೆಯರು ಮೊಬೈಲ್ ತೆಗೆದು ಬೈಬಲ್‌ನ ವಿರೋಧಾಭಾಸಗಳ ಪಟ್ಟಿ ಓದುತ್ತಾರೆ. ಅರ್ಧ ಗಂಟೆಯಲ್ಲಿ ಸ್ವರ ಏರುತ್ತದೆ, ಯಾರಿಗೂ ಏನೂ ದಕ್ಕುವುದಿಲ್ಲ. ಇದಕ್ಕೊಂದು ಸರಿಯಾದ ದಾರಿ ಇದೆಯೇ?

ಉತ್ತರ: ಇದೆ. ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯಿಂದ ಇದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇರುತ್ತದೆ. ಇಂಥ ಚರ್ಚೆ ಹಾಳಾಗುವುದು ಬಹುತೇಕ ಮೊದಲ ಐದು ನಿಮಿಷದಲ್ಲೇ. ಯಾವುದನ್ನು ಪ್ರಮಾಣವೆಂದು ಒಪ್ಪಿ ಮಾತಿಗೆ ಕೂತಿದ್ದೇವೆ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳದೆ ವಚನಕ್ಕೆ ಕೈ ಹಾಕಿರುತ್ತೇವೆ.

ತಾಳಮದ್ದಳೆ ಕೇಳಿ ಬೆಳೆದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಕೃಷ್ಣನೂ ಕೌರವನೂ ರಾತ್ರಿಯಿಡೀ ವಾದಿಸಬಹುದು, ಆದರೆ ಭಾಗವತರು ಹಾಡಿದ ಪದ್ಯ ಇಬ್ಬರಿಗೂ ಪ್ರಮಾಣ. ‘ಆ ಪದ್ಯವೇ ಸುಳ್ಳು’ ಎಂದು ಅರ್ಥಧಾರಿ ಹೇಳಿದರೆ ಕೂಟ ಅಲ್ಲಿಗೆ ಮುಗಿಯಿತು. ಬೈಬಲ್ ಚರ್ಚೆಯಲ್ಲಿ ಒಬ್ಬರು ಪದ್ಯದ ಒಳಗೆ ನಿಂತು ಅರ್ಥ ಹೇಳುತ್ತಿರುತ್ತಾರೆ, ಇನ್ನೊಬ್ಬರು ಪದ್ಯವನ್ನೇ ಪ್ರಶ್ನಿಸುತ್ತಿರುತ್ತಾರೆ. ಎರಡೂ ಮಾಡಲು ಯೋಗ್ಯವಾದ ಚರ್ಚೆಗಳೇ. ಒಂದೇ ಹೊತ್ತಿಗೆ ಎರಡೂ ನಡೆಯಲಾರವು, ಅಷ್ಟೆ.

ಮೊದಲು ಕೇಳಬೇಕಾದ್ದು: ಯಾವ ಬೈಬಲ್?

ಕಾಸರಗೋಡಿನಲ್ಲಿ ಇದು ಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ, ನೆರೆಮನೆಯ ಪ್ರಶ್ನೆ. ಬೇಳ, ವರ್ಕಾಡಿ, ಮಂಜೇಶ್ವರದ ಕೊಂಕಣಿ ಕಥೋಲಿಕರು, ವೆಳ್ಳರಿಕುಂಡು ಕಡೆಯ ಗುಡ್ಡಗಳಲ್ಲಿ ತಿರುವಾಂಕೂರಿನಿಂದ ಬಂದು ನೆಲೆಸಿದ ಸಿರಿಯನ್ ಕ್ರೈಸ್ತರು, ಬಾಸೆಲ್ ಮಿಷನ್ ಪರಂಪರೆಯ ಪ್ರೊಟೆಸ್ಟಂಟರು, ಈಚಿನ ಪೆಂತೆಕೋಸ್ತ್ ಸಭೆಗಳು — ಇವರೆಲ್ಲರ ಕೈಯಲ್ಲಿರುವುದು ಒಂದೇ ಪುಸ್ತಕವಲ್ಲ. ಪ್ರೊಟೆಸ್ಟಂಟ್ ಬೈಬಲ್‌ನಲ್ಲಿ 66 ಪುಸ್ತಕಗಳು: ಹಳೆಯ ಒಡಂಬಡಿಕೆಯ 39, ಹೊಸ ಒಡಂಬಡಿಕೆಯ 27. ಕಥೋಲಿಕ ಬೈಬಲ್‌ನಲ್ಲಿ 73. ಹೆಚ್ಚಿನ ಏಳೂ ಹಳೆಯ ಒಡಂಬಡಿಕೆಯವು: ತೋಬಿತ, ಯೂದಿತ, ಮಕ್ಕಬಿಯರ ಎರಡು ಪುಸ್ತಕ, ಸೊಲೊಮೋನನ ಜ್ಞಾನಗ್ರಂಥ, ಸಿರಾಖ, ಬಾರೂಕ. ಎಸ್ತೇರ್ ಮತ್ತು ದಾನಿಯೇಲ ಪುಸ್ತಕಗಳೂ ಅಲ್ಲಿ ಕೊಂಚ ಉದ್ದ.

ಇದರ ಪರಿಣಾಮ ಸಣ್ಣದಲ್ಲ. ನವೆಂಬರ್ 2ರಂದು ಕಥೋಲಿಕರು ಸಮಾಧಿಗಳ ಬಳಿ ಮೃತರಿಗಾಗಿ ಪ್ರಾರ್ಥಿಸುತ್ತಾರೆ. ‘ಇದು ಬೈಬಲ್‌ನಲ್ಲಿ ಎಲ್ಲಿದೆ?’ ಎಂದು ಪೆಂತೆಕೋಸ್ತ್ ಗೆಳೆಯ ಕೇಳುತ್ತಾನೆ. ಮಕ್ಕಬಿಯರ ಎರಡನೇ ಪುಸ್ತಕದ 12ನೇ ಅಧ್ಯಾಯದ ಕೊನೆಯಲ್ಲಿದೆ. ಅವನ ಪ್ರತಿಯಲ್ಲಿ ಆ ಪುಸ್ತಕವೇ ಇಲ್ಲ. ಇಬ್ಬರೂ ತಂತಮ್ಮ ಪುಸ್ತಕಕ್ಕೆ ನಿಷ್ಠರಾಗಿಯೇ ಇದ್ದಾರೆ. ಇಲ್ಲಿ ವಚನದ ಅರ್ಥ ಬಿಡಿಸುತ್ತಾ ಕೂತರೆ ಪ್ರಯೋಜನವಿಲ್ಲ. ಪುಸ್ತಕಗಳ ಪಟ್ಟಿ ನಿಗದಿ ಮಾಡಿದವರು ಯಾರು, ಯಾವ ಅಧಿಕಾರದಿಂದ ಎಂದು ಕೇಳಬೇಕು. ಈಗಿರುವ 27 ಪುಸ್ತಕಗಳೇ ಹೊಸ ಒಡಂಬಡಿಕೆ ಎಂದು ಹೆಸರಿಸಿರುವ ನಮಗೆ ತಿಳಿದ ಮೊದಲ ಪಟ್ಟಿ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ 367ರಲ್ಲಿ ಬರೆದ ಪತ್ರದಲ್ಲಿದೆ. ಕಥೋಲಿಕ ಸಭೆ (ಚರ್ಚ್) ತನ್ನ ಪಟ್ಟಿಯನ್ನು ಕಡ್ಡಾಯವೆಂದು ಘೋಷಿಸಿದ್ದು 1546ರಲ್ಲಿ, ಟ್ರೆಂಟ್ ಮಹಾಸಭೆಯಲ್ಲಿ.

ವಾಟ್ಸಾಪ್‌ನಲ್ಲಿ ಓಡಾಡುವ ಒಂದು ತಪ್ಪನ್ನು ಇಲ್ಲೇ ತೆಗೆದುಬಿಡೋಣ. ‘325ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ನೈಸಿಯಾದಲ್ಲಿ ಸಭೆ ಕರೆದು ತನಗೆ ಬೇಕಾದ ಪುಸ್ತಕಗಳನ್ನು ಆರಿಸಿ ಬೈಬಲ್ ಮಾಡಿದ’ ಎಂಬುದು ನಿಜವಲ್ಲ. ನೈಸಿಯಾದಲ್ಲಿ ಮುಖ್ಯವಾಗಿ ಚರ್ಚೆಯಾದದ್ದು ಏರಿಯಸ್ ಎಂಬ ಪಾದ್ರಿ ಎತ್ತಿದ ಪ್ರಶ್ನೆ, ಕ್ರಿಸ್ತನ ದೈವತ್ವದ ವಿಷಯ. ಪುಸ್ತಕಗಳ ಪಟ್ಟಿಯ ಬಗ್ಗೆ ಅದು ಯಾವ ನಿರ್ಣಯವನ್ನೂ ಮಾಡಲಿಲ್ಲ. ಇದನ್ನು ವಾದಕ್ಕೆ ಬಳಸಿದ ಯುಕ್ತಿವಾದಿ, ಎದುರಿನವರಲ್ಲಿ ಓದಿಕೊಂಡವರೊಬ್ಬರಿದ್ದರೆ, ಅಲ್ಲಿಗೇ ಕೇಳುಗರ ವಿಶ್ವಾಸ ಕಳೆದುಕೊಳ್ಳುತ್ತಾನೆ.

‘ತಪ್ಪಿಲ್ಲ’ ಎಂದರೆ ಏನು?

ಎರಡನೇ ಪ್ರಶ್ನೆ ಇದು, ಇದನ್ನು ಬಹಳ ಮಂದಿ ಕೇಳುವುದೇ ಇಲ್ಲ. ಎಲ್ಲ ಕ್ರೈಸ್ತರೂ ಒಂದೇ ಮಾತು ಹೇಳುತ್ತಿಲ್ಲ. 1978ರಲ್ಲಿ ಷಿಕಾಗೋದಲ್ಲಿ ಇವಾಂಜೆಲಿಕಲ್ (ಬೈಬಲ್‌ನ ಅಧಿಕಾರಕ್ಕೆ ಒತ್ತು ಕೊಡುವ ಪ್ರೊಟೆಸ್ಟಂಟ್) ಪಂಡಿತರು ಹೊರಡಿಸಿದ ಹೇಳಿಕೆಯ ಪ್ರಕಾರ ಇತಿಹಾಸ, ವಿಜ್ಞಾನದ ಸಂಗತಿಗಳಲ್ಲೂ ಬೈಬಲ್ ತಪ್ಪುವುದಿಲ್ಲ. ಆದರೆ ಕಟ್ಟುನಿಟ್ಟಾಗಿ ಈ ಮಾತು ಮೂಲ ಹಸ್ತಪ್ರತಿಗಳಿಗೆ ಅನ್ವಯ. ಕಥೋಲಿಕ ಸಭೆ 1965ರ ನವೆಂಬರ್‌ನಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯ ಒಂದು ದಾಖಲೆಯಲ್ಲಿ, ಬೇರೆ ರೀತಿ ಹೇಳಿತು: ನಮ್ಮ ರಕ್ಷಣೆಗಾಗಿ, ಅಂದರೆ ಪಾಪದಿಂದ ಬಿಡುಗಡೆಗಾಗಿ, ದೇವರು ತಿಳಿಸಬಯಸಿದ ಸತ್ಯವನ್ನು ಗ್ರಂಥ ತಪ್ಪಿಲ್ಲದೆ ಕಲಿಸುತ್ತದೆ. ಅಲ್ಲದೆ ಅವರಿಗೆ ಗ್ರಂಥ ಒಂದೇ ಪ್ರಮಾಣವಲ್ಲ, ಸಭೆಯ ಪರಂಪರೆಯೂ ಅದರ ಜೊತೆಗಿದೆ, ಎರಡನ್ನೂ ಅಧಿಕೃತವಾಗಿ ವ್ಯಾಖ್ಯಾನಿಸುವ ಹೊಣೆ ಧರ್ಮಾಧ್ಯಕ್ಷರದು (ಬಿಷಪರದು). ಇದನ್ನು ಕೇಳಿ ತಿಳಿದುಕೊಳ್ಳದೆ ಬೇಳದ ಕಥೋಲಿಕನ ಮುಂದೆ ಷಿಕಾಗೋ ಹೇಳಿಕೆಯನ್ನು ಖಂಡಿಸಿದರೆ ಅವನು ಸುಮ್ಮನೆ ತಲೆಯಾಡಿಸುತ್ತಾನೆ. ನೀವು ಖಂಡಿಸಿದ್ದು ಅವನ ಮಾತನ್ನೇ ಅಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಇಸ್ರಾಯೇಲಿನ ಅರಸ ದಾವೀದನು ಮಾಡಿಸಿದ ಜನಗಣತಿಯ ಕಥೆ ಎರಡು ಕಡೆ ಇದೆ: ಎರಡನೇ ಸಮುವೇಲ 24 ಮತ್ತು ಒಂದನೇ ಪೂರ್ವಕಾಲವೃತ್ತಾಂತ 21. ಎರಡನ್ನೂ ಅಕ್ಕಪಕ್ಕ ತೆರೆದಿಡಿ. ಸಮುವೇಲದಲ್ಲಿ ದಾವೀದನನ್ನು ಗಣತಿಗೆ ಪ್ರೇರಿಸಿದ್ದು ಕೋಪಗೊಂಡ ಯೆಹೋವನೇ, ಪೂರ್ವಕಾಲವೃತ್ತಾಂತದಲ್ಲಿ ಸೈತಾನ. ಒಂದರಲ್ಲಿ ಇಸ್ರಾಯೇಲಿನ ಸೈನಿಕರು 8 ಲಕ್ಷ, ಯೆಹೂದದವರು 5 ಲಕ್ಷ; ಇನ್ನೊಂದರಲ್ಲಿ 11 ಲಕ್ಷ ಮತ್ತು 4,70,000. ಆರಿಸಿಕೊಳ್ಳಲು ದಾವೀದನ ಮುಂದಿಟ್ಟ ಶಿಕ್ಷೆಗಳಲ್ಲೊಂದಾದ ಬರ ಒಂದರಲ್ಲಿ ಏಳು ವರ್ಷದ್ದು, ಇನ್ನೊಂದರಲ್ಲಿ ಮೂರು ವರ್ಷದ್ದು.

ಇದಕ್ಕೆ ಉತ್ತರವೇ ಇಲ್ಲ ಎಂದುಕೊಳ್ಳಬೇಡಿ. ಪೂರ್ವಕಾಲವೃತ್ತಾಂತದ 27ನೇ ಅಧ್ಯಾಯದಲ್ಲಿ ತಿಂಗಳಿಗೆ 24,000ದಂತೆ ಹನ್ನೆರಡು ಪಡೆಗಳು ಬರುತ್ತವೆ, ಒಟ್ಟು 2,88,000. ಅಧಿಕಾರಿಗಳ ಜೊತೆಗಿದ್ದ 12,000 ಜನರನ್ನು ಸೇರಿಸಿ 3 ಲಕ್ಷ ಮಾಡಿ, 8 ಲಕ್ಷಕ್ಕೆ ಕೂಡಿಸಿದರೆ 11 ಲಕ್ಷವಾಯಿತು ಎಂದು ಸಮರ್ಥಕರು ಲೆಕ್ಕ ಕೊಡುತ್ತಾರೆ. ಯೆಹೂದದಲ್ಲಿ ಕಡಿಮೆಯಾದ 30,000ಕ್ಕೆ ಸಮುವೇಲದ 6ನೇ ಅಧ್ಯಾಯದಿಂದ ಇನ್ನೊಂದು ಪಡೆಯನ್ನು ತರುತ್ತಾರೆ. ಬರದ ವಿಷಯದಲ್ಲಿ ಅವರಿಗೆ ಗಟ್ಟಿ ನೆಲೆಯೇ ಇದೆ: ಸಮುವೇಲದ ಪ್ರಾಚೀನ ಗ್ರೀಕ್ ಅನುವಾದದಲ್ಲಿ ಇರುವುದು ಮೂರು ವರ್ಷ, ಆದ್ದರಿಂದ ಏಳು ಎಂಬುದು ನಕಲುಗಾರನ ಕೈತಪ್ಪು ಎನ್ನಲು ಆಧಾರವಿದೆ. ಪ್ರೇರಿಸಿದವರ ವಿಷಯದಲ್ಲಿ ‘ದೇವರು ಅನುಮತಿಸಿದ, ಸೈತಾನ ಮಾಡಿದ’ ಎನ್ನುತ್ತಾರೆ. ಇತಿಹಾಸದ ವಿದ್ವಾಂಸರು ಬೇರೆ ವಿವರಣೆ ಕೊಡುತ್ತಾರೆ: ಪೂರ್ವಕಾಲವೃತ್ತಾಂತ ಯೆಹೂದ್ಯರನ್ನು ಬಾಬೆಲಿಗೆ ಸೆರೆಯೊಯ್ದ ಕಾಲದ ನಂತರ ಬರೆದದ್ದು, ಅಷ್ಟರಲ್ಲಿ ಕೆಡುಕನ್ನು ನೇರವಾಗಿ ದೇವರಿಗೆ ಆರೋಪಿಸುವುದು ಬರಹಗಾರರಿಗೆ ಕಷ್ಟವಾಗತೊಡಗಿತ್ತು.

ನಮ್ಮ ತೀರ್ಮಾನ ಹೇಳಬೇಕೆಂದರೆ, ಸೈನಿಕರ ಲೆಕ್ಕ ಹೊಂದಿಸುವ ಕೆಲಸ ಜಾಣತನದ್ದೇ ಹೊರತು ಪಠ್ಯದೊಳಗಿಂದ ಬಂದದ್ದಲ್ಲ. ಆ ಪಡೆಗಳನ್ನು ಇಲ್ಲಿ ಸೇರಿಸಿ, ಅಲ್ಲಿ ಬಿಡಿ ಎಂದು ಯಾವ ವಚನವೂ ಹೇಳುವುದಿಲ್ಲ. ಹಾಗಾಗಿ ಅಂಕಿಸಂಖ್ಯೆಯಲ್ಲೂ ತಪ್ಪಿಲ್ಲ ಎಂಬ ವಾದಕ್ಕೆ ಇದು ನಿಜವಾದ ತೊಡಕು. ರಕ್ಷಣೆಯ ಸತ್ಯದಲ್ಲಿ ತಪ್ಪಿಲ್ಲ ಎಂಬ ವಾದಕ್ಕೆ ಇದು ತಗಲುವುದೇ ಇಲ್ಲ. ಒಂದೇ ಉದಾಹರಣೆ ಒಂದು ನಿಲುವನ್ನು ಅಲುಗಿಸಿ ಇನ್ನೊಂದನ್ನು ಮುಟ್ಟದೆ ಹೋಗುತ್ತದೆ ಎಂಬುದಕ್ಕಾಗಿಯೇ ಇಷ್ಟು ವಿವರ ಕೊಟ್ಟದ್ದು. ಮೊಬೈಲ್‌ನ ಉದ್ದ ಪಟ್ಟಿಗಿಂತ ಹೀಗೆ ಪೂರ್ತಿ ಬಿಡಿಸಿದ ಒಂದು ಉದಾಹರಣೆ ಮೇಲು.

ಭಾರತದಲ್ಲಿ ನಡೆದ ಇಂಥ ವಾದಗಳಲ್ಲಿ ಅತ್ಯಂತ ಹೆಸರಾದದ್ದು ಹಾಳಾದದ್ದೂ ‘ತಪ್ಪಿಲ್ಲ’ ಎಂದರೆ ಏನೆಂದು ಮೊದಲೇ ಇತ್ಯರ್ಥ ಮಾಡಿಕೊಳ್ಳದ ಕಾರಣಕ್ಕೆ. 1854ರ ಏಪ್ರಿಲ್ 10 ಮತ್ತು 11ರಂದು ಆಗ್ರಾದಲ್ಲಿ ಜರ್ಮನ್ ಮಿಷನರಿ ಫಾಂಡರ್ ಮತ್ತು ಮೌಲಾನಾ ರಹಮತುಲ್ಲಾ ಕೈರಾನವಿ ಎದುರುಬದುರು ಕೂತರು. ಫಾಂಡರ್ ಓದಿದ್ದು ಬಾಸೆಲ್‌ನಲ್ಲಿ, 1834ರಿಂದ ಮಂಗಳೂರಿಗೆ ಮಿಷನರಿಗಳನ್ನು ಕಳಿಸಿದ ಅದೇ ಸಂಸ್ಥೆಯಲ್ಲಿ. ರಹಮತುಲ್ಲಾ ಯುರೋಪಿನ ವಿದ್ವಾಂಸರ ಬೈಬಲ್ ವಿಮರ್ಶೆಯನ್ನೇ ತಯಾರು ಮಾಡಿಕೊಂಡು ಬಂದಿದ್ದರು. ಪ್ರತಿಗಳಲ್ಲಿ ನಕಲುದೋಷಗಳಿವೆ ಎಂದು ಫಾಂಡರ್ ಒಪ್ಪಿಕೊಂಡರು, ಆದರೆ ಮುಖ್ಯ ಬೋಧನೆಗೆ ಧಕ್ಕೆಯಿಲ್ಲ ಎಂದರು. ಒಪ್ಪಿದ ಮೇಲೆ ಗ್ರಂಥದ ಅಧಿಕಾರ ಹೋಯಿತು ಎಂಬುದು ಮೌಲಾನಾ ಪಕ್ಷ. ಎಷ್ಟು ದೋಷವಿದ್ದರೆ ಅಧಿಕಾರ ಹೋಗುತ್ತದೆ ಎಂಬುದನ್ನು ಇಬ್ಬರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಎರಡೂ ಕಡೆಯವರು ತಾವೇ ಗೆದ್ದೆವೆಂದು ಬರೆದುಕೊಂಡರು.

ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಇಡಿ

ಬರೆದದ್ದು ನಮ್ಮವರೆಗೆ ಸರಿಯಾಗಿ ಬಂದಿದೆಯೇ? ಬರೆದದ್ದು ನಡೆದಿತ್ತೇ? ಅದಕ್ಕೆ ನಾನು ತಲೆಬಾಗಬೇಕೇ? ಒಂದಕ್ಕೆ ಸಿಕ್ಕ ಉತ್ತರವನ್ನು ಇನ್ನೊಂದಕ್ಕೆ ಸಾಗಿಸುವುದೇ ಎರಡೂ ಕಡೆಯವರು ಮಾಡುವ ದೊಡ್ಡ ತಪ್ಪು.

‘ಹೊಸ ಒಡಂಬಡಿಕೆಗೆ ಐದು ಸಾವಿರಕ್ಕೂ ಹೆಚ್ಚು ಗ್ರೀಕ್ ಹಸ್ತಪ್ರತಿಗಳಿವೆ, ಆದ್ದರಿಂದ ಅದು ಸತ್ಯ’ ಎನ್ನುವುದನ್ನು ನೀವು ಕೇಳಿರಬಹುದು. ಸಂಖ್ಯೆ ಸರಿಯೇ. ಅವುಗಳಲ್ಲಿ ಹೆಚ್ಚಿನವು ಮಧ್ಯಯುಗದವು ಎಂಬುದನ್ನೂ ಸೇರಿಸಬೇಕು. ಮ್ಯಾಂಚೆಸ್ಟರಿನಲ್ಲಿರುವ, ಸಾಮಾನ್ಯವಾಗಿ ಎರಡನೇ ಶತಮಾನದ್ದೆಂದು ಎಣಿಸುವ ಯೋಹಾನನ ಸುವಾರ್ತೆಯ ತುಣುಕು ಅಂಗೈಗಿಂತ ದೊಡ್ಡದಿಲ್ಲ. ಪ್ರತಿಗಳು ಹೆಚ್ಚಿದ್ದರೆ ಮೂಲಪಾಠ ಏನಿತ್ತೆಂದು ಹುಡುಕಲು ಅನುಕೂಲ. ಆ ಪಾಠ ಹೇಳಿದ್ದು ನಡೆದಿತ್ತೇ ಎಂಬುದು ಅದರಿಂದ ತೀರ್ಮಾನವಾಗುವುದಿಲ್ಲ.

ಹಾಗೆಯೇ ‘ಅನುವಾದದ ಅನುವಾದವಾಗಿ ಎಲ್ಲ ಕೆಟ್ಟುಹೋಗಿದೆ’ ಎಂಬ ಆಕ್ಷೇಪವೂ ನಿಲ್ಲುವುದಿಲ್ಲ. ಈಗಿನ ಮುಖ್ಯ ಅನುವಾದಗಳಿಗೆ ಹೀಬ್ರೂ, ಅರಾಮಿಕ್, ಗ್ರೀಕ್ ಮೂಲಗಳೇ ಆಧಾರ. 1947ರಿಂದ ಮೃತ ಸಮುದ್ರದ ಬಳಿಯ ಗುಹೆಗಳಲ್ಲಿ ಸಿಕ್ಕ ಸುರುಳಿಗಳಲ್ಲಿ ಯೆಶಾಯನ ಪುಸ್ತಕ ಪೂರ್ತಿ ಇದೆ. ಅದುವರೆಗೆ ತಿಳಿದಿದ್ದ ಹೀಬ್ರೂ ಪ್ರತಿಗಳಿಗಿಂತ ಅದು ಸುಮಾರು ಸಾವಿರ ವರ್ಷ ಹಳೆಯದು. ಸಣ್ಣಪುಟ್ಟ ಪಾಠಾಂತರಗಳು ಬಹಳ ಇವೆ, ಆದರೆ ಪುಸ್ತಕ ಅದೇ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ‘ಎಲ್ಲ ಗ್ರಂಥವೂ ದೈವಪ್ರೇರಿತ’ ಎಂಬ ಎರಡನೇ ತಿಮೊಥೆಯ 3:16ನ್ನು ಬೈಬಲ್‌ನ ಅಧಿಕಾರಕ್ಕೆ ಸಾಕ್ಷಿಯಾಗಿ ಕೊಡುವುದು, ಸಾಬೀತಾಗಬೇಕಾದದ್ದನ್ನೇ ಸಾಕ್ಷಿ ಮಾಡಿದ ಹಾಗೆ. ಕ್ರೈಸ್ತ ದೇವತಾಶಾಸ್ತ್ರಜ್ಞರಿಗೂ ಇದು ಗೊತ್ತು. ಅದಕ್ಕೇ 16ನೇ ಶತಮಾನದ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್, ಗ್ರಂಥದ ಅಧಿಕಾರ ಕೊನೆಗೆ ಖಚಿತವಾಗುವುದು ಪವಿತ್ರಾತ್ಮ ಹೃದಯದೊಳಗೆ ಕೊಡುವ ಸಾಕ್ಷ್ಯದಿಂದ ಎಂದ. ಇದು ಪ್ರಾಮಾಣಿಕ ಉತ್ತರ. ಆದರೆ ಆ ಸಾಕ್ಷ್ಯ ಕೇಳುಗನಿಗೆ ಕಾಣುವಂಥದ್ದಲ್ಲ, ಬೇರೆ ಧರ್ಮದ ಭಕ್ತರೂ ಇದೇ ಬಗೆಯ ಒಳಅನುಭವದ ಮಾತು ಹೇಳುತ್ತಾರೆ.

ಈ ಗಂಟು ನಮ್ಮ ದೇಶದ ತಾರ್ಕಿಕರಿಗೂ ಎದುರಾಗಿತ್ತು. ವೇದವಾಕ್ಯಗಳ ಅರ್ಥವಿಚಾರ ಮಾಡುವ ಮೀಮಾಂಸಕರು ವೇದ ಅಪೌರುಷೇಯ, ಅಂದರೆ ಯಾರೂ ರಚಿಸಿದ್ದಲ್ಲ, ಹಾಗಾಗಿ ದೋಷಕ್ಕೆ ಎಡೆಯೇ ಇಲ್ಲ ಎಂದರು. ತರ್ಕಶಾಸ್ತ್ರದ ಪ್ರಾಚೀನ ಗ್ರಂಥವಾದ ನ್ಯಾಯಸೂತ್ರ ಬೇರೆ ದಾರಿ ಹಿಡಿಯಿತು: ಪರೀಕ್ಷೆಗೆ ಸಿಗುವ ಮಂತ್ರ, ಆಯುರ್ವೇದ ಫಲ ಕೊಡುತ್ತವೆ, ಅವನ್ನು ಹೇಳಿದ ಆಪ್ತರ (ನಂಬತಕ್ಕ ಜ್ಞಾನಿಗಳ) ಮಾತು ಪರೀಕ್ಷೆಗೆ ಸಿಗದ ಕಡೆಯೂ ನಂಬಲರ್ಹ. ಇಂದು ‘ಬೈಬಲ್ ಹೇಳಿದ ಊರು, ಅರಸರು ಉತ್ಖನನದಲ್ಲಿ ಸಿಕ್ಕಿದ್ದಾರೆ, ಆದ್ದರಿಂದ ಪವಾಡಗಳನ್ನೂ ನಂಬಬಹುದು’ ಎನ್ನುವ ವಾದದ ರಚನೆಯೂ ಅದೇ. ಎರಡಕ್ಕೂ ಕೇಳಬೇಕಾದ ಪ್ರಶ್ನೆ ಒಂದು: ಒಂದು ವಿಷಯದಲ್ಲಿ ಸರಿ ಹೇಳಿದವರು ಇನ್ನೊಂದರಲ್ಲೂ ಸರಿ ಎಂದು ಯಾವುದರಿಂದ ತಿಳಿಯಿತು? ಇದನ್ನು ಬೈಬಲ್‌ಗೆ ಮಾತ್ರ ಕೇಳಿ ಸ್ವಂತ ಮನೆಯ ಗ್ರಂಥಕ್ಕೆ ಕೇಳದಿದ್ದರೆ ಎದುರಿನವರು ಬೇಗ ಗುರುತಿಸುತ್ತಾರೆ. ಗುರುತಿಸಬೇಕಾದ್ದೇ.

ಕೂಟ ಏರ್ಪಡಿಸುವವರಿಗೆ

ಒಂದು ಕೂಟಕ್ಕೆ ಒಂದೇ ವಾಕ್ಯದ ವಿಷಯ ಸಾಕು. ‘ಬೈಬಲ್ ಸತ್ಯವೇ?’ ಎಂಬುದು ವಿಷಯವಲ್ಲ. ‘ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಸಾವಿನ ಬಗ್ಗೆ ಮತ್ತಾಯನ ಸುವಾರ್ತೆಯ ವರದಿ ಅಪೊಸ್ತಲರ ಕೃತ್ಯಗಳ ವರದಿಗೆ ಹೊಂದುತ್ತದೆಯೇ?’ ಎಂಬುದು ವಿಷಯ. ಮತ್ತಾಯ 27:5 ಮತ್ತು ಕೃತ್ಯಗಳು 1:18 ಓದಿ ಬಂದರಾಯಿತು. ಒಂದೂವರೆ ಗಂಟೆಯ ಕೂಟಕ್ಕೆ ಮೂರು ವಚನಭಾಗಕ್ಕಿಂತ ಹೆಚ್ಚು ಬೇಡ. ಆ ಭಾಗಗಳನ್ನು ಅಧ್ಯಾಯಸಹಿತ ಮುದ್ರಿಸಿ ಎಲ್ಲರ ಕೈಗೆ ಕೊಡಿ. ಕನ್ನಡ, ಮಲಯಾಳ, ಕೊಂಕಣಿ ಬೈಬಲ್‌ಗಳನ್ನು ಓದುವವರು ಒಟ್ಟಿಗೆ ಕೂತಿದ್ದರೆ ಪದದ ಮೇಲೆ ವಾದ ಕಟ್ಟಬೇಡಿ, ಅನುವಾದ ಬದಲಾದಂತೆ ಪದವೂ ಬದಲಾಗುತ್ತದೆ. ಮಾತಿಗೆ ಮೊದಲು ಪ್ರತಿಯೊಬ್ಬರೂ ಎದುರಿನವರ ನಿಲುವನ್ನು ಎರಡು ವಾಕ್ಯದಲ್ಲಿ ಹೇಳಲಿ, ಅವರು ‘ಹೌದು, ನನ್ನ ಮಾತು ಇದೇ’ ಎಂದ ಮೇಲೆ ಖಂಡನೆ. ಇದಕ್ಕೆ ಹತ್ತು ನಿಮಿಷ ಹೋದರೂ ಹೋಗಲಿ.

ಏನು ತೋರಿಸಿದರೆ ನಿಮ್ಮ ಅಭಿಪ್ರಾಯ ಬದಲಾಗಬಹುದು ಎಂದು ಇಬ್ಬರನ್ನೂ ಕೇಳಿ. ‘ಏನೂ ಇಲ್ಲ’ ಎಂದರೆ ಅದನ್ನು ಗೌರವದಿಂದ ತೆಗೆದುಕೊಂಡು, ಆ ದಿನ ವಾದ ಬಿಟ್ಟು, ಆ ವಚನ ಅವರ ಬದುಕಿನಲ್ಲಿ ಏನು ಮಾಡಿದೆ ಎಂದು ಕೇಳಿ ತಿಳಿಯುವುದು ಒಳ್ಳೆಯದು.

ಕಾನೂನಿನ ಮಾತು ಒಂದು. ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಒಂದು ವರ್ಗದ ಧರ್ಮವನ್ನೋ ನಂಬಿಕೆಯನ್ನೋ ಅವಮಾನಿಸುವುದಕ್ಕೆ ಮೂರು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಪಠ್ಯವನ್ನು ವಿಮರ್ಶಿಸುವುದು ಬೇರೆ, ದೇವರನ್ನೋ ಭಕ್ತರನ್ನೋ ಹೀಯಾಳಿಸುವುದು ಬೇರೆ. ಚರ್ಚೆಯ ತುಣುಕನ್ನು ಕತ್ತರಿಸಿ ವಾಟ್ಸಾಪ್ ಗುಂಪಿಗೆ ಹಾಕಿದಾಗ ಈ ವ್ಯತ್ಯಾಸ ಮೊದಲು ಕಳೆದುಹೋಗುತ್ತದೆ. ಮೊಬೈಲ್ ಚಿತ್ರೀಕರಣ ಬೇಡ ಎಂದು ಮೊದಲೇ ಹೇಳಿಬಿಡಿ.

ಎಲ್ಲಿಂದ ಶುರು ಮಾಡಬಹುದು ಎಂದರೆ, ಮಾರ್ಕನ ಸುವಾರ್ತೆ. ಹದಿನಾರೇ ಅಧ್ಯಾಯ, ಒಂದು ಸಂಜೆಯಲ್ಲಿ ಗಟ್ಟಿಯಾಗಿ ಓದಿ ಮುಗಿಸಬಹುದು. ಕೊನೆಯ ಅಧ್ಯಾಯದ 8ನೇ ವಚನಕ್ಕೆ ಬಂದಾಗ ನಿಲ್ಲಿಸಿ. ನಾಲ್ಕನೇ ಶತಮಾನದ ಎರಡು ದೊಡ್ಡ ಹಸ್ತಪ್ರತಿಗಳಾದ ಸಿನಾಯಿಟಿಕಸ್ ಮತ್ತು ವ್ಯಾಟಿಕನಸ್‌ನಲ್ಲಿ ಸುವಾರ್ತೆ ಅಲ್ಲಿಗೇ ಮುಗಿಯುತ್ತದೆ. 9ರಿಂದ 20ರವರೆಗಿನ ವಚನಗಳು ಅವುಗಳಲ್ಲಿಲ್ಲ, ಹಲವು ಮುದ್ರಿತ ಬೈಬಲ್‌ಗಳು ಇದನ್ನು ಆವರಣಚಿಹ್ನೆಯಲ್ಲೋ ಅಡಿಟಿಪ್ಪಣಿಯಲ್ಲೋ ತಾವೇ ತಿಳಿಸುತ್ತವೆ. ಆ ಹನ್ನೆರಡು ವಚನಗಳಿಗೆ ಉಳಿದವುಗಳಷ್ಟೇ ಅಧಿಕಾರವಿದೆಯೇ, ಇದ್ದರೆ ಅದು ಎಲ್ಲಿಂದ ಬಂತು ಎಂದು ನಿಮ್ಮ ಕ್ರೈಸ್ತ ಗೆಳೆಯರನ್ನೂ ಯುಕ್ತಿವಾದಿ ಗೆಳೆಯರನ್ನೂ ಒಂದೇ ಸಲ ಕೇಳಿ. ಮೊದಲ ಕೂಟಕ್ಕೆ ಅಷ್ಟು ಸಾಕಾಗುತ್ತದೆ.