ಜಿಪಿಎಸ್ ಹಾಕಿಸಿದ್ದೇನೆ, ಪ್ರೀಮಿಯಂ ಎಷ್ಟು ಇಳಿಯುತ್ತದೆ?

ವಾಹನ ವಿಮೆಯ ಸರ್ವೇಯರ್ ಆಗಿ ಕಳವಿನ ಫೈಲುಗಳನ್ನೂ ಪರಿಶೀಲಿಸುವ ನನ್ನನ್ನು ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ಜನ ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: ‘ಕಾರಿಗೆ ಜಿಪಿಎಸ್ ಹಾಕಿಸಿದ್ದೇನೆ, ಇನ್ಶೂರೆನ್ಸ್‌ನಲ್ಲಿ ಎಷ್ಟು ಕಮ್ಮಿಯಾಗುತ್ತದೆ?’ ಕಾರು ಕಳುವಾದರೆ ಹುಡುಕುವುದಕ್ಕೆ ಆ ಸಾಧನ ಎಷ್ಟರಮಟ್ಟಿಗೆ ನೆರವಾದೀತು ಎಂದು ಕೇಳುವವರು ಅಪರೂಪ. ಕಾರನ್ನು ಹುಡುಕಿಕೊಡುವ ಸಾಧನ ಬೇರೆ, ಪಾಲಿಸಿಯಲ್ಲಿ ರಿಯಾಯಿತಿ ತರುವ ಸಾಧನ ಬೇರೆ ಎಂಬುದನ್ನು ಎಷ್ಟು ಸಲ ಹೇಳಿದರೂ ಮುಂದಿನ ವರ್ಷ ಅದೇ ತಪ್ಪು ಮತ್ತೊಬ್ಬರ ಫೈಲಿನಲ್ಲಿ ಕಾಣಿಸಿಕೊಳ್ಳುವುದರಿಂದ, ಇಲ್ಲಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಕಳವು ನಿರೋಧಕ ಸಾಧನದ ರಿಯಾಯಿತಿ ಬಂದದ್ದು ವಾಹನ ವಿಮೆಯ ದರ ಮತ್ತು ನಿಯಮಗಳ ಪಟ್ಟಿಯಾದ 2002ರ ಇಂಡಿಯಾ ಮೋಟಾರ್ ಟ್ಯಾರಿಫ್‌ನಿಂದ. ಅದರ ಪ್ರಕಾರ ಸಾಧನಕ್ಕೆ ವಾಹನ ಸಂಶೋಧನೆ ನಡೆಸುವ ಪುಣೆಯ ಎಆರ್‌ಎಐ ಸಂಸ್ಥೆಯ ಮಾನ್ಯತೆ ಇರಬೇಕು, ಅದನ್ನು ವಾಹನಕ್ಕೆ ಅಳವಡಿಸಿರುವುದಕ್ಕೆ ಆಟೊಮೊಬೈಲ್ ಅಸೋಸಿಯೇಷನ್‌ನ ಪ್ರಮಾಣಪತ್ರ ಇರಬೇಕು. ಆಗ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ (ನಿಮ್ಮದೇ ವಾಹನದ ಹಾನಿ, ಕಳವಿಗಾಗಿ ಕಟ್ಟುವ ಭಾಗದಲ್ಲಿ) ಶೇ 2.5ರಷ್ಟು, ಗರಿಷ್ಠ 500 ರೂಪಾಯಿವರೆಗೆ ಕಡಿತ ಸಿಗುತ್ತದೆ. 2007ರಿಂದ ಓನ್ ಡ್ಯಾಮೇಜ್ ದರವನ್ನು ಕಂಪನಿಗಳೇ ನಿಗದಿ ಮಾಡುತ್ತಿರುವುದರಿಂದ ರಿಯಾಯಿತಿಯ ಪ್ರಮಾಣ ಕಂಪನಿಯಿಂದ ಕಂಪನಿಗೆ ಬದಲಾಗಬಹುದು, ಆದ್ದರಿಂದ ನಿಮ್ಮ ಪಾಲಿಸಿಯನ್ನೇ ಓದಿಕೊಳ್ಳಬೇಕು. ಹಳೆಯ ಲೆಕ್ಕದಂತೆ ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ 8,000 ರೂಪಾಯಿ ಇದ್ದರೆ ಉಳಿತಾಯ 200 ರೂಪಾಯಿ. ಬೇರೆಯವರಿಗಾಗುವ ಹಾನಿಗಾಗಿ ಕಟ್ಟುವ ಥರ್ಡ್ ಪಾರ್ಟಿ ಪ್ರೀಮಿಯಂ ಸರ್ಕಾರ ನಿಗದಿಪಡಿಸಿದ್ದಾದ್ದರಿಂದ ಅದರಲ್ಲಿ ಒಂದು ಪೈಸೆಯೂ ಇಳಿಯುವುದಿಲ್ಲ.

ಈ 200 ರೂಪಾಯಿಗೆ ಪ್ರತಿಯಾಗಿ ನೀವು ಏನನ್ನು ಬರೆದುಕೊಡುತ್ತೀರಿ ಎಂಬುದೇ ನನ್ನ ಮುಖ್ಯ ಮಾತು. ರಿಯಾಯಿತಿ ಪಡೆದ ಪಾಲಿಸಿಯ ಷೆಡ್ಯೂಲ್‌ನಲ್ಲಿ ‘ಐಎಂಟಿ 10’ (ಇಂಡಿಯಾ ಮೋಟಾರ್ ಟ್ಯಾರಿಫಿನ 10ನೇ ಷರತ್ತು) ಎಂಬ ಸಣ್ಣ ನಮೂದು ಇರುತ್ತದೆ. ಅದರ ಒಕ್ಕಣೆಯಲ್ಲಿ ಎರಡು ಭಾಗಗಳಿವೆ. ಮಾನ್ಯತೆ ಪಡೆದ ಸಾಧನವನ್ನು ಅಳವಡಿಸಿರುವ ಬಗ್ಗೆ ಪ್ರಮಾಣಪತ್ರ ಇರುವುದರಿಂದ ರಿಯಾಯಿತಿ ಕೊಡಲಾಗಿದೆ ಎಂಬುದು ಮೊದಲ ಭಾಗ. ಪಾಲಿಸಿಯ ಅವಧಿ ಮುಗಿಯುವವರೆಗೆ ಆ ಸಾಧನವನ್ನು ಸದಾಕಾಲ ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ಹೊಣೆ ವಿಮೆ ಮಾಡಿಸಿದವರದು ಎಂಬುದು ಎರಡನೆಯ ಭಾಗ. ಅಂದರೆ ಅರ್ಜಿಯಲ್ಲಿ ‘ಕಳವು ನಿರೋಧಕ ಸಾಧನ ಇದೆಯೇ’ ಎಂಬ ಪ್ರಶ್ನೆಯ ಮುಂದೆ ‘ಹೌದು’ ಎಂದು ಗುರುತು ಹಾಕುವವರು ಕಾರಿನಲ್ಲಿ ಏನಿದೆ ಎಂದು ಹೇಳಿ ಸುಮ್ಮನಾಗುತ್ತಿಲ್ಲ. ಇಂಥದ್ದೇ ಸಾಧನ ಇದೆ, ಅದಕ್ಕೆ ಕಾಗದ ಇದೆ, ಇಡೀ ವರ್ಷ ಅದು ಕೆಲಸ ಮಾಡುತ್ತಿರುತ್ತದೆ ಎಂದು ಮಾತು ಕೊಡುತ್ತಿದ್ದಾರೆ. ಆನ್‌ಲೈನಿನಲ್ಲಿ ತರಿಸಿ, ಬೀದಿ ಬದಿಯ ಆಕ್ಸೆಸರೀಸ್ ಅಂಗಡಿಯಲ್ಲಿ ಕೂಡಿಸಿದ ಟ್ರ್ಯಾಕರ್ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಆ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಕಾರಿನ ಕೀಲಿಯೊಳಗೆ ಕಾರು ಕಂಪನಿಯೇ ಕೊಟ್ಟ, ಬೇರೆ ಕೀಲಿಗೆ ಎಂಜಿನ್ ಚಾಲೂ ಆಗದಂತೆ ತಡೆಯುವ ಇಮ್ಮೊಬಿಲೈಸರ್ ಚಿಪ್ ಇದೆಯಲ್ಲ ಎನ್ನುವವರಿಗೂ ನಾನು ಹೇಳುವುದು ಇಷ್ಟೇ: ಅದನ್ನು ರಿಯಾಯಿತಿಗೆ ಪರಿಗಣಿಸುತ್ತಾರೆಯೇ ಎಂದು ವಿಮಾ ಕಂಪನಿಯಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ, ಆಮೇಲೆ ಗುರುತು ಹಾಕಿ.

ಸರಸ್ವತಿಪುರದ ಒಬ್ಬ ನಿವೃತ್ತ ಮೇಷ್ಟರ ಫೈಲು ನನಗೆ ಮರೆಯುವುದಿಲ್ಲ. ಮನೆಯ ಮುಂದೆ ನಿಲ್ಲಿಸಿದ್ದ ಕಾರು ಬೆಳಗಾಗುವುದರೊಳಗೆ ಇರಲಿಲ್ಲ. ಅವರು ನನ್ನೆದುರು ಮೊಬೈಲು ತೆರೆದು ತೋರಿಸಿದಾಗ ನಕ್ಷೆಯ ಮೇಲೆ ನೀಲಿ ಚುಕ್ಕೆ ಅವರದೇ ಗೇಟಿನ ಮುಂದೆ ನಿಂತಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಕೊನೆಯ ಮಾಹಿತಿ ಬಂದು 11 ದಿನವಾಗಿದೆ ಎಂದಿತ್ತು. ಟ್ರ್ಯಾಕರಿನೊಳಗಿನ ಸಿಮ್‌ನ ರೀಚಾರ್ಜ್ ಮುಗಿದಿತ್ತು. ಪಾಲಿಸಿಯನ್ನು ಬೆಂಗಳೂರಿನಲ್ಲಿರುವ ಮಗ ಮೊಬೈಲಿನಲ್ಲೇ ನವೀಕರಿಸಿ, ಅಪ್ಪನ ಕಾರಿನಲ್ಲಿ ಜಿಪಿಎಸ್ ಇದೆಯೆಂಬ ನಂಬಿಕೆಯಿಂದ ‘ಹೌದು’ ಒತ್ತಿದ್ದ. ಸಿಕ್ಕ ರಿಯಾಯಿತಿ 163 ರೂಪಾಯಿ. ಕಂಪನಿ ಪ್ರಮಾಣಪತ್ರ ಕೇಳಿತು, ಸಾಧನ ಸುಸ್ಥಿತಿಯಲ್ಲಿತ್ತು ಎಂಬುದಕ್ಕೆ ಸಾಕ್ಷ್ಯ ಕೇಳಿತು, ಮೇಷ್ಟರ ಬಳಿ ಎರಡೂ ಇರಲಿಲ್ಲ. ತಿಂಗಳುಗಟ್ಟಲೆ ಪತ್ರ ವ್ಯವಹಾರ ನಡೆದು, ಕೊನೆಗೆ 4,20,000 ರೂಪಾಯಿ ಐಡಿವಿ (ಪಾಲಿಸಿಯಲ್ಲಿ ನಮೂದಾದ ವಾಹನದ ಮೌಲ್ಯ) ಇದ್ದ ಕಾರಿಗೆ ನಾನ್ ಸ್ಟ್ಯಾಂಡರ್ಡ್ ಆಧಾರದಲ್ಲಿ, ಎಂದರೆ ಷರತ್ತು ಮುರಿದ ಕ್ಲೇಮಿಗೆ ಒಂದು ಭಾಗ ಮಾತ್ರ ಕೊಡುವ ಲೆಕ್ಕದಲ್ಲಿ, ಶೇ 75, ಅಂದರೆ 3,15,000 ರೂಪಾಯಿ ಕೈಗೆ ಬಂತು. ವಿಮೆಯ ದೂರುಗಳನ್ನು ಆಲಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೋ ಇಲ್ಲಿನ ಗ್ರಾಹಕರ ಆಯೋಗಕ್ಕೋ ಹೋಗಬಹುದಿತ್ತು. ಮೇಷ್ಟರು ಬೇಡವೆಂದರು. ಮಗನ ಮೇಲೆ ಒಂದು ಮಾತೂ ಆಡದೆ ನನಗೆ ಕಾಫಿ ಕೊಟ್ಟು ಕಳಿಸಿದರು.

ಎಲ್ಲ ಪ್ರಕರಣವೂ ಹೀಗೇ ಮುಗಿಯುತ್ತದೆ ಎಂದು ನಾನು ಹೇಳಲಾರೆ. ಖಾಸಗಿ ವಾಹನವನ್ನು ಬಾಡಿಗೆಗೆ ಓಡಿಸುತ್ತಿದ್ದಾಗ ಕಳುವಾದ ಪ್ರಕರಣವೊಂದರಲ್ಲಿ, ಷರತ್ತು ಮುರಿದಿದ್ದರೂ ಕ್ಲೇಮನ್ನು ಪೂರ್ತಿ ತಳ್ಳಿಹಾಕುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಶೇ 75ರ ಪಾವತಿಯನ್ನೇ ಎತ್ತಿಹಿಡಿದಿದೆ. ಆದರೆ ನ್ಯಾಯಾಲಯದವರೆಗೆ ಹೋಗಿ ಗೆಲ್ಲಬಹುದಾದ ಹಣವನ್ನು 163 ರೂಪಾಯಿಯ ಆಸೆಗೆ ಪಣಕ್ಕಿಡುವುದೇಕೆ ಎಂಬುದು ನನ್ನ ಸಂಕಟ.

ಇಷ್ಟು ಹೇಳಿದ ಮಾತ್ರಕ್ಕೆ ಟ್ರ್ಯಾಕರ್ ಬೇಡವೆಂದು ಯಾರೂ ತಿಳಿಯಬಾರದು. ಈ ಸಾಧನ ಉಪಗ್ರಹಗಳ ಸಂಕೇತದಿಂದ ತಾನಿರುವ ಜಾಗವನ್ನು ಲೆಕ್ಕಹಾಕಿ, ಒಳಗಿನ ಸಿಮ್ ಮೂಲಕ ಮೊಬೈಲ್ ಜಾಲಕ್ಕೆ ಕಳಿಸುತ್ತದೆ. ಹಾಗಾಗಿ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಅದು ಮೂಕವಾಗಬಹುದು, ಸಂಕೇತ ತಡೆಯುವ ಜ್ಯಾಮರ್ ಇಟ್ಟುಕೊಂಡ ಕಳ್ಳನ ಮುಂದೆ ಸೋಲಬಹುದು, ಒಳಗೆ ಸ್ವಂತ ಬ್ಯಾಟರಿ ಇಲ್ಲದಿದ್ದರೆ ಕಾರಿನ ಬ್ಯಾಟರಿಯ ತಂತಿ ಕಿತ್ತೊಡನೆ ನಿಂತುಹೋಗುತ್ತದೆ. ಡ್ಯಾಶ್‌ಬೋರ್ಡ್ ಕೆಳಗೆ ಕೈಯಾಡಿಸಿದರೆ ಸಿಗುವಂತೆ ಅಂಟಿಸಿದ್ದನ್ನು ಕಳ್ಳ ಮೊದಲ ನಿಮಿಷದಲ್ಲೇ ಕಿತ್ತೆಸೆಯುತ್ತಾನೆ. ಎಂಜಿನ್ ನಿಲ್ಲಿಸುವ ರಿಲೇ ಕೂಡಿಸಲು ಅನುಭವವಿಲ್ಲದವರ ಕೈಗೆ ವೈರಿಂಗ್ ಕೊಟ್ಟರೆ ಶಾರ್ಟ್ ಸರ್ಕ್ಯೂಟ್ ಆಗುವ ಅಪಾಯವೂ ಇದೆ, ವಾರಂಟಿಯ ತಕರಾರೂ ಬರಬಹುದು.

ಮದ್ದೂರಿನ ಕಡೆಯ ಒಬ್ಬ ಬೆಲ್ಲದ ವ್ಯಾಪಾರಿ ಇದನ್ನೆಲ್ಲ ತಿಳಿದೇ ಮಾಡಿಸಿದ್ದರು. ಆಲೆಮನೆಯ ಹತ್ತಿರ ನಿಲ್ಲಿಸಿದ್ದ ಕಾರು ಕಾಣದಾದಾಗ ತಾವೇ ಬೆನ್ನಟ್ಟಿ ಹೋಗದೆ 112ಕ್ಕೆ ಕರೆ ಮಾಡಿ, ಟ್ರ್ಯಾಕರಿನ ಲೈವ್ ಲಿಂಕನ್ನು ಪೊಲೀಸರ ಫೋನಿಗೆ ಕಳಿಸಿದರು. ಅದೇ ಸಂಜೆ ಕಾರು ಸಿಕ್ಕಿತು. ಅವರ ಸಾಧನಕ್ಕೆ ರಿಯಾಯಿತಿಗೆ ಬೇಕಾದ ಪ್ರಮಾಣಪತ್ರ ಇರಲಿಲ್ಲ, ಅವರು ರಿಯಾಯಿತಿ ಕೇಳಿಯೂ ಇರಲಿಲ್ಲ. ಸಿಮ್ ರೀಚಾರ್ಜ್ ಮಾಡಿಸಬೇಕಾದ ದಿನಾಂಕವನ್ನು ಒಂಟಿಕೊಪ್ಪಲ್ ಪಂಚಾಂಗದ ರಟ್ಟಿನ ಒಳಬದಿಯಲ್ಲಿ, ಸಾಲ ತೀರಿಸುವ ಗಡುವುಗಳ ಜೊತೆಗೆ ಬರೆದಿಟ್ಟಿದ್ದರು.

ಹಳದಿ ಬೋರ್ಡಿನ ವಾಹನದವರ ಮಾತು ಬೇರೆ. ಪ್ರಯಾಣಿಕ ವಾಹನಗಳಿಗೆ ಎಐಎಸ್ 140 ಮಾನದಂಡದ ಟ್ರ್ಯಾಕಿಂಗ್ ಸಾಧನವನ್ನು ಕಾನೂನು ಕೇಳುವುದು ಪ್ರಯಾಣಿಕರ ಸುರಕ್ಷತೆಗಾಗಿ; ಅದು ವಿಮೆಯ ರಿಯಾಯಿತಿಗೆ ಮಾಡಿದ ನಿಯಮವಲ್ಲ. ಹಾಗೆಯೇ ಎಷ್ಟು ಓಡಿಸುತ್ತೀರಿ, ಹೇಗೆ ಓಡಿಸುತ್ತೀರಿ ಎಂಬುದನ್ನು ನೋಡಿ ಪ್ರೀಮಿಯಂ ನಿಗದಿ ಮಾಡುವ ಯೋಜನೆಗಳಿಗೆ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2022ರಲ್ಲಿ ಅನುಮತಿ ಕೊಟ್ಟಿದೆ. ಕಾರನ್ನು ಕಡಿಮೆ ಬಳಸುವವರಿಗೆ ಅಲ್ಲಿ ಇದಕ್ಕಿಂತ ಹೆಚ್ಚು ಉಳಿತಾಯವಾಗಬಹುದು, ಆದರೆ ಅದಕ್ಕೂ ಕಳವಿಗೂ ಸಂಬಂಧವಿಲ್ಲ.

ಕಾರು ಕಳುವಾದರೆ ಮೊದಲು ಪೊಲೀಸ್ ಠಾಣೆ, ಅದೇ ದಿನ ವಿಮಾ ಕಂಪನಿ. ಎಫ್‌ಐಆರ್ ತಕ್ಷಣ ದಾಖಲಾಗಿದ್ದರೆ ಕಂಪನಿಗೆ ತಡವಾಗಿ ತಿಳಿಸಿದ ಒಂದೇ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆ. ಅದನ್ನು ನಂಬಿಕೊಂಡು ತಡಮಾಡಬೇಡಿ. ಕಂಪನಿಯವರು ಕಾರಿನ ಎರಡೂ ಕೀಲಿಗಳನ್ನು ಕೇಳುತ್ತಾರೆ, ಕಾರು ಪತ್ತೆಯಾಗಿಲ್ಲವೆಂದು ಪೊಲೀಸರು ಕೊಡುವ ‘ಸಿ’ ರಿಪೋರ್ಟ್ ಕೇಳುತ್ತಾರೆ.

ಈಗಾಗಲೇ ತಪ್ಪಾಗಿ ‘ಹೌದು’ ಎಂದು ಒತ್ತಿರುವವರು ಪಾಲಿಸಿ ತೆರೆದು ಐಎಂಟಿ 10 ನಮೂದಾಗಿದೆಯೇ ನೋಡಿ. ಆಗಿದ್ದು, ನಿಮ್ಮ ಬಳಿ ಪ್ರಮಾಣಪತ್ರ ಇಲ್ಲದಿದ್ದರೆ, ಅದನ್ನು ತೆಗೆದುಹಾಕುವಂತೆ ಕಂಪನಿಗೆ ಇಮೇಲ್ ಮಾಡಿ, ವ್ಯತ್ಯಾಸದ ಹಣ ಕಟ್ಟಿ, ತಿದ್ದುಪಡಿಯ ಎಂಡಾರ್ಸ್‌ಮೆಂಟ್ ಪಡೆಯಿರಿ. ಕಳೆದ ವಾರ ಕುವೆಂಪುನಗರದ ದಂಪತಿ ನನ್ನ ಮೇಜಿನ ಮುಂದೆಯೇ ಕೂತು ಆ ಇಮೇಲ್ ಬರೆದರು. ಎರಡು ದಿನದಲ್ಲಿ ತಿದ್ದಿದ ಪಾಲಿಸಿ ಬಂತು, ಅವರು ಕಟ್ಟಬೇಕಾಗಿ ಬಂದದ್ದು 190 ರೂಪಾಯಿ.